ಯಮುನವ್ವ ಕೂಡಿಸಿದ ಹಳಿ

ಇಚಲಕರಂಜಿಯಲ್ಲಿ ಮಗ್ಗದ ಸದ್ದು ಕೇಳಿಸದ ಓಣಿ ಯಾವುದು ಎಂದು ಹುಡುಕಲು ಹೊರಟರೆ ಊರೇ ಮುಗಿದುಹೋಗುತ್ತದೆ. ಅಂಥ ಊರಿನಲ್ಲಿ ಯಮುನವ್ವ ಎಂಬ ಹೆಣ್ಣುಮಗಳು ಮೂವತ್ತೊಂದು ವರ್ಷ ಮಗ್ಗದ ಬೆನ್ನ ಹಿಂದೆ, ನೆಲದ ಮೇಲೆ ಕಾಲು ಮಡಚಿ ಕೂತು, ಎಳೆಗೆ ಎಳೆ ಕೂಡಿಸಿದಳು. ಹುಟ್ಟಿದ್ದು ಗಡಹಿಂಗ್ಲಜ ತಾಲೂಕಿನ ಮಹಾಗಾಂವದಲ್ಲಿ, ಮದುವೆಯಾಗಿ ಬಂದದ್ದು ಇಲ್ಲಿಗೆ, ಈಗ ವಯಸ್ಸು ಐವತ್ತೆಂಟು.

ಅದೇನು ಕೆಲಸ ಎಂದು ಕೇಳಿದರೆ ಹೀಗೆ: ಮಗ್ಗದ ಮೇಲಿನ ಬೀಮಿನಲ್ಲಿ, ಅಂದರೆ ನೂಲು ಸುತ್ತಿದ ಉರುಳೆಯಲ್ಲಿ, ನೂಲು ತೀರುತ್ತ ಬಂತೆಂದರೆ ಹೊಸ ಬೀಮು ಉರುಳಿಸಿಕೊಂಡು ಬಂದು ಇಡುತ್ತಾರೆ. ಹಳೆಯದರ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆ ಹೊಸೆದು ಕೂಡಿಸಬೇಕು. ಒಂದು ಬೀಮಿಗೆ ಎರಡು ಸಾವಿರದ ನಾನೂರು ಎಳೆ. ಕೂಡಿಸಿದ ಜೋಡು ಹಣಿಗೆಯ ಉಕ್ಕಿನ ಹಲ್ಲುಗಳ ಸಂದಿಯಿಂದ ತಡೆಯದೆ ದಾಟಿ ಹೋಗಬೇಕು. ಜೋಡು ದಪ್ಪವಾಯಿತೋ, ಎಳೆ ಹರಿಯಿತು, ಬಟ್ಟೆ ಕೆಟ್ಟಿತು. ಯಮುನವ್ವನ ಜೋಡು ಹರಿದದ್ದನ್ನು ಕಂಡವರಿಲ್ಲ. ಬೆವರಿಗೆ ಎಳೆ ಜಾರಬಾರದೆಂದು ಬೇರೆಯವರು ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡರೆ, ಆಕೆಯ ಮಗ್ಗುಲಲ್ಲಿ ಒಂದು ಹಿತ್ತಾಳೆ ಡಬ್ಬಿ, ಅದರ ತುಂಬ ವಿಭೂತಿ. ಬೆಳಗ್ಗೆ ಅದರಿಂದಲೇ ಹಣೆಗೆ ಮೂರು ಬೆರಳು ಎಳೆದುಕೊಳ್ಳುವುದು, ಆಮೇಲೆ ದಿನವಿಡೀ ಅದನ್ನೇ ಬೆರಳಿಗೆ ಮುಟ್ಟಿಸಿಕೊಳ್ಳುವುದು. ದೇವರೂ ಕೆಲಸವೂ ಒಂದೇ ಡಬ್ಬಿಯಲ್ಲಿದ್ದರೆ ಅನುಕೂಲ ಎಂದು ಆಕೆಯ ಅಭಿಪ್ರಾಯ.

ಎರಡು ವರ್ಷದ ಹಿಂದೆ ಗಂಟು ಹಾಕುವ ಯಂತ್ರ ತಳ್ಳುಗಾಡಿಯ ಮೇಲೆ ಕೂತು ಶೆಡ್ಡಿಗೆ ಬಂತು. ಯಮುನವ್ವ ದಿನವಿಡೀ ಮಾಡುವ ಬೀಮನ್ನು ಅದು ಊಟದ ಹೊತ್ತಿನೊಳಗೆ ಮುಗಿಸಿತು. ಶೆಡ್ಡಿನ ಮಾಲಕರು ಒಳ್ಳೆಯ ಮಾತಿನಲ್ಲೇ ಹೇಳಿದರು, "ಯಮುನಕ್ಕ, ಭಾಳ ದುಡದೀರಿ. ಇನ್ನ ಮನಿಯಾಗ ಆರಾಮ ಕುಂಡ್ರಿ."

ಕೂರುವುದು ಆಕೆಗೆ ಗೊತ್ತಿತ್ತು, ಆರಾಮ ಗೊತ್ತಿರಲಿಲ್ಲ. ಮನೆಯಲ್ಲಿ ಸೊಸೆಯ ಸೀರೆಗೆ ಕುಚ್ಚು ಕಟ್ಟಿ ಮುಗಿಸಿದಳು, ಓಣಿಯ ಹೆಂಗಸರ ಸೀರೆಗೂ ಕಟ್ಟಿ ಮುಗಿಸಿದಳು. ಕಡೆಗೆ ಟೆಂಪೋ ಹೊಡೆಯುವ ಮಗ ವಿಶಾಲನಿಗೆ ಅಂದಳು, "ಕೈ ಖಾಲಿ ಇದ್ದರ ನನಗ ಉಂಡದ್ದು ಅರಗೂದಿಲ್ಲೋ. ಎಲ್ಲ್ಯಾರ ಏನಾರ ಕೂಡಸೂ ಕೆಲಸ ಇದ್ದರ ನೋಡು."

"ಈ ವಯಸ್ಸಿನ್ಯಾಗ ಏನ ಕೂಡಸ್ತಿ ಅವ್ವಾ? ಮದವಿ ಕೂಡಸ್ತಿ?"

"ಅದನ್ನ ನಿನ್ನ ಅಪ್ಪ ಮಾಡತಿದ್ದ. ಕೂಡಿಸಿದ್ದು ಎಲ್ಲಾ ಹರೀತು."

ಆಷಾಢದ ಒಂದು ಶುಕ್ರವಾರ ಅಂಬಾಬಾಯಿಯ ದರ್ಶನಕ್ಕೆಂದು ಆಕೆ ಮಗನ ಟೆಂಪೋದಲ್ಲೇ ಕೊಲ್ಲಾಪುರಕ್ಕೆ ಹೋದಳು. ದರ್ಶನ ಮುಗಿಯಿತು, ದೀಪದ ಬತ್ತಿಗೆಂದು ಒಂದು ಪುಡಿಕೆ ಅರಳೆ ಕೊಂಡದ್ದೂ ಆಯಿತು. ವಾಪಸು ಬರುವಾಗ ವಿಶಾಲ ರಂಕಾಳಾ ಕೆರೆಯ ಹಿಂದಿನ ಒಂದು ಕಾರಖಾನೆಗೆ ಪ್ಲೈವುಡ್ ಇಳಿಸಬೇಕಿತ್ತು. ಅಲ್ಲಿ ರೂಪಾಲಿ ಎಂಬ ಮೂವತ್ತೈದರ ಹೆಣ್ಣುಮಗಳು ಗಣಪತಿ ಮಂಡಳಗಳಿಗೆ ದೇಖಾವೆ ಕಟ್ಟಿಕೊಡುತ್ತಾಳೆ. ದೇಖಾವೆ ಎಂದರೆ ಗಣಪತಿಯ ಮುಂದೆ ವರ್ಷಕ್ಕೊಂದು ಹೊಸದಾಗಿ ನಿಲ್ಲಿಸುವ ನೋಟ. ಈ ಕಡೆ ಅದನ್ನು ನೋಡಲೆಂದೇ ಜನ ಮಕ್ಕಳು ಮರಿ ಕಟ್ಟಿಕೊಂಡು ಬೀದಿ ಬೀದಿ ತಿರುಗುತ್ತಾರೆ.

ಒಳಗೆ ಮೇಜಿನ ಮೇಲೆ ಆಟಿಕೆಯಂಥ ರೈಲೊಂದು ಸುತ್ತುತ್ತಿತ್ತು. ಗೇಣುದ್ದದ ಇಂಜಿನ್ನು, ಹಿಂದೆ ಐದು ಬೋಗಿ, ಕೆಳಗೆ ಬೆರಳಗಲದ ಹಳಿ. ಅರ್ಧ ಸುತ್ತು ಬಂದು ಇಂಜಿನ್ನು ಮಗ್ಗುಲಾಯಿತು. ರೂಪಾಲಿ ಎತ್ತಿ ಇಟ್ಟಳು. ಅದು ಮತ್ತೆ ಅಲ್ಲೇ ಬಿತ್ತು. "ಪರತ ಪಡಲೀ," ಎಂದು ಮರಾಠಿಯಲ್ಲಿ ಗೊಣಗಿ ಆಕೆ ಇಂಜಿನ್ನಿನ ಗಾಲಿ ತಿರುಗಿಸಿ ನೋಡತೊಡಗಿದಳು.

ಬಾಗಿಲಲ್ಲಿ ನಿಂತಿದ್ದ ಯಮುನವ್ವ ಮೂರನೇ ಸಲ ಬಿದ್ದದ್ದು ನೋಡಿದ ಮೇಲೆ ಬಾಯಿ ಬಿಟ್ಟಳು.

"ಗಾಡಿ ಚಲೋ ಐತಿ ತಂಗಿ. ಹಾದಿ ಸರಿ ಇಲ್ಲ."

ರೂಪಾಲಿ ತಿರುಗಿದಳು. ಆಕೆಯ ಅಜ್ಜಿಯ ಮನೆಮಾತು ಕನ್ನಡ, ಹಾಗಾಗಿ ಮಾತು ತಡೆಯಲಿಲ್ಲ, ಚಿಕ್ಕಮ್ಮ ಎಂಬುದಷ್ಟೇ ಮರಾಠಿಯ ಮಾವಶಿಯಾಗಿ ಬಂತು. "ಹಾದಿ ಹೊಸಾದೇ ಐತ್ರಿ ಮಾವಶಿ."

"ಹೊಸಾದ ಐತಿ, ಕೂಡಿಲ್ಲ. ಒಂದರ ಮಗ್ಗಲಕ ಒಂದು ನಿಂತೈತಿ ಅಷ್ಟ."

"ಅವ್ವಾ, ಸುಮ್ನಿರ," ಎಂದ ವಿಶಾಲ, ಹೆಗಲ ಮೇಲೆ ಪ್ಲೈವುಡ್ ಇಟ್ಟುಕೊಂಡೇ. "ಅದು ಬ್ಯಾರೆ ಕೆಲಸ ಐತಿ."

ಯಮುನವ್ವ ಸುಮ್ಮನಿದ್ದಳು, ಬಾಯಿಂದ ಮಾತ್ರ. ಪುಡಿಕೆ ಬಿಚ್ಚಿ ಒಂದು ಚೂರು ಅರಳೆ ಕಿತ್ತು, ಬೆರಳ ತುದಿಯಲ್ಲಿ ಹಗುರಾಗಿ ಹಿಡಿದು, ಹಳಿಯ ಮೇಲೆ ಎಳೆಯುತ್ತ ಹೋದಳು. ಹಣಿಗೆಯ ಹಲ್ಲು ನುಣುಪಾಗಿದೆಯೋ ಇಲ್ಲವೋ ಎಂದು ಮಗ್ಗದಲ್ಲಿ ನೋಡುವುದು ಹೀಗೆಯೇ. ಮೊದಲ ಜೋಡಿನ ಮೇಲೆ ಅರಳೆ ತೇಲಿ ಹೋಯಿತು, ಎರಡನೆಯದರ ಮೇಲೂ ಹೋಯಿತು. ಮೂರನೆಯದರಲ್ಲಿ ಎರಡು ನಾರು ಹಿಂದೆ ಉಳಿದವು, ಬೇಲಿಯ ಮುಳ್ಳಿಗೆ ಕುರಿಯ ಉಣ್ಣೆ ಸಿಕ್ಕಿಕೊಂಡ ಹಾಗೆ.

"ಇಲ್ಲೆ ಬೀಳತೈತಿ ನಿಮ್ಮ ಗಾಡಿ."

ರೂಪಾಲಿ ಭೂತಗನ್ನಡಿ ತಂದು ನೋಡಿದಳು. ಹಳಿ ಕತ್ತರಿಸಿದ ತುದಿಯಲ್ಲಿ ಲೋಹದ ಒಂದು ಮುಳ್ಳು ಎದ್ದಿತ್ತು, ಕೂದಲಿಗಿಂತ ಸಣ್ಣದು. ಗಾಲಿಯ ಅಂಚು ಅದನ್ನು ಹತ್ತಿ ಹೊರಗೆ ಹಾರುತ್ತಿತ್ತು. ಅಷ್ಟರಲ್ಲಿ ಯಮುನವ್ವ ಮುಂದಕ್ಕೆ ಹೋಗಿಬಿಟ್ಟಿದ್ದಳು. ಇಪ್ಪತ್ತು ಜೋಡಿನಲ್ಲಿ ಒಂಬತ್ತು ಕಡೆ ಅರಳೆ ಬಿಳಿ ಹೂವಿನ ಹಾಗೆ ನಿಂತಿತ್ತು.

ಹೀಗೆ ಶುರುವಾದ ಮಾತು ಚಹಾ ಮುಗಿಯುವುದರೊಳಗೆ ಒಪ್ಪಂದಕ್ಕೆ ಬಂತು. ಗಡಹಿಂಗ್ಲಜದ ಒಂದು ಮಂಡಳ ಈ ಸಲ ರೈಲಿನ ದೇಖಾವೆ ಬೇಕೆಂದು ಹಟ ಹಿಡಿದಿತ್ತು. ಅದರ ಅಧ್ಯಕ್ಷ ದಾದಾಸಾಹೇಬ, ಮೆಣಸಿನಕಾಯಿ ವ್ಯಾಪಾರಿ. ಅವರ ಊರಿಗೆ ರೈಲೇ ಇಲ್ಲ. ಸರಕಾರ ತರುವ ತನಕ ಕಾಯುವ ತಾಳ್ಮೆ ಅವರಿಗೂ ಇರಲಿಲ್ಲ. ಮಹಾಗಾಂವ, ನೇಸರಿ, ಆಜರಾದ ಗುಡ್ಡ ಎಲ್ಲ ದಾಟಿ ಗಡಹಿಂಗ್ಲಜದ ಸ್ಟೇಶನ್ನಿಗೆ ರೈಲು ಬರಬೇಕು. ಹಳಿ ಕೂರಿಸುವ ಹಲಗೆ ಎಂಟು, ಜೋಡು ತೊಂಬತ್ತಾರು.

"ಐದು ದಿನ ದೇಖಾವೆ," ಎಂದಳು ರೂಪಾಲಿ. "ಐದೂ ದಿನ ಗಾಡಿ ಬೀಳಲಿಲ್ಲಂದ್ರ ನನ್ನ ಕಾರಖಾನಿಯೊಳಗ ಜೋಡಿನ ಕೆಲಸ ಎಲ್ಲಾ ನಿಮ್ಮದ ಮಾವಶಿ. ಕಾಯಂ."

"ಬಿದ್ದರ?"

"ಬಿದ್ದರ ದಾದಾಸಾಹೇಬರು ನನ್ನ ಬಿಡೂದಿಲ್ಲ. ನಾ ನಿಮ್ಮನ್ನ ಹ್ಯಾಂಗ ಇಟ್ಕೋಲಿ?"

"ಬೀಳೂದಿಲ್ಲ ಬಿಡು," ಎಂದಳು ಯಮುನವ್ವ, ಚಹಾದ ಕಪ್ಪು ಬಸಿ ತೊಳೆದಿಡುತ್ತ.

ಮರುದಿನದಿಂದ ಇಚಲಕರಂಜಿಯಿಂದ ಕೊಲ್ಲಾಪುರಕ್ಕೆ ಎಸ್‌ಟಿ ಬಸ್ಸು, ಸಂಜೆ ಬರುವಾಗ ಮಗನ ಟೆಂಪೋ. ಮೊದಲ ದಿನವೇ ಹಲಗೆಗಳನ್ನೆಲ್ಲ ಮೇಜಿನಿಂದ ನೆಲಕ್ಕಿಳಿಸಿದಳು. ಕೈ ಮೊಣಕಾಲಿನ ಮೇಲೆ ಊರದಿದ್ದರೆ ಬೆರಳು ನಡುಗುತ್ತದೆ, ನಿಂತು ಮಾಡುವುದು ಕೆಲಸವಲ್ಲ ಕಾವಲು ಎಂಬುದು ಆಕೆಯ ವಾದ.

ಒಂದು ಹಳಿಯ ತುದಿಗೆ ಇನ್ನೊಂದರ ತುದಿ ಹಿಡಿಸುವುದು ಉಗುರಗಲದ ತಗಡಿನ ಒಂದು ಚಿಪ್ಪು. ಹಳಿಯ ಪಾದ ಅದರ ಒಳಗೆ ಹೋಗಬೇಕು, ಎಷ್ಟೋ ಸಲ ಮೇಲೆ ಹತ್ತಿ ಕೂತುಬಿಡುತ್ತದೆ. ಕಣ್ಣಿಗೆ ಅದು ಸರಿಯಾಗೇ ಕಾಣುತ್ತದೆ, ಉಗುರಿಗೆ ಮಾತ್ರ ಸುಳ್ಳು ಹೇಳಲಾರದು. ಯಮುನವ್ವ ತುದಿಯ ಮುಳ್ಳನ್ನು ಸಣ್ಣ ಅರದಿಂದ ತೆಗೆದು, ಒಳಅಂಚನ್ನು ಒಂದು ಎಳೆಯಷ್ಟು ಸವರಿ, ಚಿಪ್ಪಿಗೆ ಹಳಿ ತೂರಿಸಿ, ಹೆಬ್ಬೆರಳಿನ ಉಗುರನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ದಾಟಿಸುವಳು. ಆಮೇಲೆ ಅರಳೆ. ತಿರುವು ಬಂದಲ್ಲಿ ಹಳಿಗಳನ್ನು ನೆಟ್ಟಗಿದ್ದಾಗಲೇ ಕೂಡಿಸಿ ಆಮೇಲೆ ಬಾಗಿಸಿದಳು. ಬಾಗಿಸಿ ಕೂಡಿಸಿದರೆ ಜೋಡಿನಲ್ಲಿ ಮೊಣಕೈ ಮೂಡುತ್ತದೆ ಎಂದು ಎರಡೇ ದಿನದಲ್ಲಿ ಆಕೆಗೆ ತಿಳಿದುಹೋಗಿತ್ತು. ಬಿಸಿಲಿಗೆ ಹಳಿ ಬೆಳೆಯುತ್ತದೆ, ನಡುವೆ ನೂಲಿನಷ್ಟು ಜಾಗ ಬಿಡಬೇಕು ಎಂಬುದನ್ನು ರೂಪಾಲಿ ಕಲಿಸಿದಳು. ಆ ಜಾಗವನ್ನು ಆಕೆ ನೂಲು ಇಟ್ಟೇ ಅಳೆದಳು.

ಕರೆಂಟೂ ಇದೇ ಹಳಿಯಲ್ಲಿ ಹರಿದು ಇಂಜಿನ್ನಿಗೆ ಹೋಗುತ್ತದೆ, ಈ ಚಿಪ್ಪೇ ಅದರ ಸೇತುವೆ ಎಂದೂ ರೂಪಾಲಿ ಹೇಳಿದ್ದಳು. ಯಮುನವ್ವ ಹೂಂ ಅಂದಿದ್ದಳು. ಉಗುರಿಗೆ ಸಿಗದ, ಅರಳೆಗೆ ಸಿಗದ ಸಂಗತಿಯನ್ನು ಆಕೆ ಹೂಂ ಅಂದೇ ಕಳಿಸಿಬಿಡುತ್ತಿದ್ದಳು.

ಶ್ರಾವಣ ಮುಗಿಯುವ ಹೊತ್ತಿಗೆ ತೊಂಬತ್ತಾರೂ ಮುಗಿದವು. ವಿಶಾಲನ ಎದುರಿಗೇ ಆಕೆ ವಿಭೂತಿ ಡಬ್ಬಿಯ ಮುಚ್ಚಳ ತೆಗೆದು, ತೊಳೆದು, ಆ ಮುಚ್ಚಳದ ಅಂಚಿನ ತನಕ ನೀರು ತುಂಬಿ ನಡುವಿನ ಬೋಗಿಯ ಮೇಲೆ ಇಟ್ಟಳು. ರೈಲು ಗುಡ್ಡ ಹತ್ತಿ ಇಳಿದು ಸುತ್ತಿ ಬಂತು. ನೀರು ಅಲುಗಾಡಿತು, ಚೆಲ್ಲಲಿಲ್ಲ. ಸಂಜೆ ಟೆಂಪೋದಲ್ಲಿ ರಸ್ತೆಯ ಗುಂಡಿ ಬಂದಾಗ ವಿಶಾಲ, "ಈ ಹಾದಿನೂ ನಿನಗ ಕೊಡಬೇಕಿತ್ತವ್ವಾ," ಎಂದ.

ಗೌರಿಯನ್ನು ಕಳಿಸಿದ ಮರುದಿನ ಸಂಜೆ ಆರತಿಯ ಹೊತ್ತಿಗೆ ದೇಖಾವೆ ತೆರೆಯುವುದೆಂದು ಗಡಹಿಂಗ್ಲಜದಲ್ಲಿ ಫಲಕ ಹಾಕಿದ್ದರು. ದಾರಿಯ ಕುಲುಕಿಗೆ ಜೋಡು ಸಡಿಲಬಾರದೆಂದು ಹಳಿಗಳನ್ನೆಲ್ಲ ಬಿಚ್ಚಿ, ಚಿಪ್ಪು ತೆಗೆದು, ನಂಬರು ಹಾಕಿ ತಂದಿದ್ದರು. ಹಿಂದಿನ ದಿನವೇ ಕೂಡಿಸಲು ಕೂತ ಯಮುನವ್ವ ತೆರೆಯುವ ದಿನ ಬೆಳಗ್ಗೆ ಹನ್ನೊಂದೂವರೆಗೆ ಮುಗಿಸಿ ಎದ್ದಳು. ಮೇಲೆ ತಗಡಿನ ಮಂಟಪ, ಹೊರಗೆ ಮಳೆ ನಿಂತು ಬಿಸಿಲು, ಒಳಗೆ ಬೇಯಿಸುವಂಥ ಸೆಕೆ. ಬೆವರಿಗೆ ಚಿಪ್ಪು ಬೆರಳಿನಿಂದ ಜಾರುತ್ತಿತ್ತು. ಕೊಲ್ಲಾಪುರದಲ್ಲಿ ತಲೆಯ ಮೇಲೆ ಫ್ಯಾನು ಇತ್ತು, ಇಲ್ಲಿಲ್ಲ. ಹಾಗಾಗಿ ಮಗ್ಗದ ಹಿಂದೆ ಕೂತಂತೆಯೇ ಮಗ್ಗುಲಿಗೆ ಹಿತ್ತಾಳೆ ಡಬ್ಬಿ ಇಟ್ಟುಕೊಂಡು, ಬೆರಳಿಗೆ ಮುಟ್ಟಿಸಿಕೊಂಡು ಮುಟ್ಟಿಸಿಕೊಂಡು ಕೂಡಿಸಿದಳು. ಉಗುರು ದಾಟಿತು. ಅರಳೆ ತೇಲಿತು.

ಮಧ್ಯಾಹ್ನ ಹನ್ನೆರಡಕ್ಕೆ ರೂಪಾಲಿ ಗುಂಡಿ ತಿರುಗಿಸಿದಳು. ಮಹಾಗಾಂವದಿಂದ ಹೊರಟ ರೈಲು ನೇಸರಿಯ ಕಬ್ಬಿನ ಗದ್ದೆಯ ಮಗ್ಗುಲಿಗೆ ಬಂದು ನಿಂತುಬಿಟ್ಟಿತು. ಬೀಳಲಿಲ್ಲ. ಬರೀ ನಿಂತಿತು. ಬೆರಳಿನಿಂದ ನೂಕಿದರೆ ಒಂದು ಮೊಳ ಹೋಗಿ ಮತ್ತೆ ನಿಂತಿತು.

ದಾದಾಸಾಹೇಬರು ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಂಡರು. "ನಮ್ಮೂರಿಗೆ ರೈಲು ಇಲ್ಲ ಅನ್ನೂದು ಒಂದು. ಬಂದು ನೇಸರಿಯೊಳಗ ನಿಂತರ ಹ್ಯಾಂಗವಾ? ಎಸ್‌ಟಿ ಆದರೂ ಇಷ್ಟೊತ್ತಿಗೆ ಮುಟ್ಟತಿತ್ತು."

ರೂಪಾಲಿ ಇಂಜಿನ್ನು ಬದಲಿಸಿದಳು, ಟ್ರಾನ್ಸ್‌ಫಾರ್ಮರ್ ಬದಲಿಸಿದಳು. ಇಂಜಿನ್ನು ಆಜರಾದ ಗುಡ್ಡದಲ್ಲಿ ನಿಂತಿತು. ಕಡೆಗೆ ಎಲ್ಲರ ಕಣ್ಣು ಮಂಟಪದ ಕರೆಂಟು ನೋಡುವ ರಾವಸಾಹೇಬನ ಮೇಲೆ ಬಿತ್ತು. ಹದಿನಾಲ್ಕು ವರ್ಷದಿಂದ ಈ ಮಂಡಳದ ದೀಪ ಅವನದೇ.

"ನಿನ್ನ ವಾಯರ್ ಸಡ್ಲ ಅದಾವೋ ರಾವ್ಸಾಬ," ಎಂದರು ದಾದಾಸಾಹೇಬ.

"ನನ್ನ ಕರೆಂಟ ಗಣಪತಿಗೆ ಹೊಂಟೈತಿ, ಸ್ಪೀಕರಿಗೆ ಹೊಂಟೈತಿ, ನಿಮ್ಮ ಕಿವಿಗೂ ಹೊಂಟೈತಿ. ಈ ಗಾಡಿಗೆ ಅಷ್ಟ ಯಾಕ ಹೋಗೂದಿಲ್ರಿ?"

"ಮಾತ ಬ್ಯಾಡ. ಸಂಕೇಶ್ವರದಿಂದ ಬ್ಯಾರೆಯವನ್ನ ಕರೀತೇನಿ."

ರಾವಸಾಹೇಬ ಕೆಳಗೆ ಕೂತು ತನ್ನ ವಾಯರ್ ಸುತ್ತಿಕೊಳ್ಳತೊಡಗಿದ. ರೂಪಾಲಿ ಇನ್ನೊಂದು ಟ್ರಾನ್ಸ್‌ಫಾರ್ಮರ್ ತರಲು ವಿಶಾಲನನ್ನು ಕೊಲ್ಲಾಪುರಕ್ಕೆ ಅಟ್ಟುವುದರಲ್ಲಿದ್ದಳು.

ಯಮುನವ್ವ ನೇಸರಿಯ ಗದ್ದೆಯ ಮುಂದೆ ಕೂತು ಮತ್ತೆ ಅರಳೆ ಎಳೆದಳು. ನಾರು ಸಿಕ್ಕಲಿಲ್ಲ. ತನ್ನ ಕೆಲಸದ ಮೇಲೆ ಆಕೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ಆದ್ದರಿಂದಲೇ ಅರಳೆಯನ್ನು ತಿರುಗಿಸಿ ನೋಡುವ ಅಭ್ಯಾಸ ಹಿಂದಿನ ದಿನದಿಂದ ತಪ್ಪಿಹೋಗಿತ್ತು. ಈಗ ತಿರುಗಿಸಿದಳು. ಬಿಳಿಯ ಅರಳೆಯ ಹೊಟ್ಟೆ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಚಿಪ್ಪು ಎಳೆದು ಬೆಳಕಿಗೆ ಹಿಡಿದಳು. ಒಳಗೆಲ್ಲ ವಿಭೂತಿ ಮೆತ್ತಿತ್ತು, ಬೆವರಿಗೆ ಗಾರೆಯ ಹಾಗೆ ಗಟ್ಟಿಯಾಗಿ. ಹಳಿಗೂ ಚಿಪ್ಪಿಗೂ ನಡುವೆ ಅದು ಗೋಡೆ ಕಟ್ಟಿ ಕೂತಿತ್ತು. ಗಾಲಿ ದಾಟುವ ಸೇತುವೆ ಚೊಕ್ಕ, ಕರೆಂಟು ದಾಟುವ ಸೇತುವೆ ಮುಚ್ಚಿದೆ.

ಇದನ್ನು ಕಂಡವಳು ಆಕೆ ಒಬ್ಬಳೇ. ಚಿಪ್ಪನ್ನು ಒರೆಸಿ ಸುಮ್ಮನೆ ಹಾಕಬಹುದಿತ್ತು. ಸಂಕೇಶ್ವರದವನು ಬಂದು ಏನೋ ತಿಕ್ಕಿ, ಏನೋ ತಿರುಗಿಸಿ, ಹೇಗೋ ಓಡಿಸಬಹುದಿತ್ತು. ಹೇಳಿದರೆ ಕಾಯಂ ಕೆಲಸ ಇಲ್ಲೇ, ಈ ಪ್ಲಾಸ್ಟಿಕ್ಕಿನ ಕಬ್ಬಿನಲ್ಲೇ ಮುಗಿಯಬಹುದು. ವಾಯರ್ ಸುತ್ತುತ್ತಿದ್ದ ರಾವಸಾಹೇಬನ ಕೈ ಆಕೆಗೆ ಕಾಣುತ್ತಿತ್ತು. ಗಂಟು ಬೀಳದ ಹಾಗೆ, ಒಂದರ ಮೇಲೊಂದು ಸಾಲಾಗಿ, ಬೈಸಿಕೊಂಡ ಮೇಲೂ ಅಷ್ಟೇ ಚೊಕ್ಕಟವಾಗಿ ಸುತ್ತುತ್ತಿದ್ದ. ಕೆಲಸ ಬಲ್ಲ ಕೈ.

"ರಾವ್ಸಾಬಣ್ಣ, ಅದನ್ನ ಬಿಚ್ಚು," ಎಂದಳು ಯಮುನವ್ವ. "ನಿನ್ನ ಕರೆಂಟ ಸರಿ ಐತಿ. ತಪ್ಪು ನಂದು."

ದಾದಾಸಾಹೇಬರ ಟೊಪ್ಪಿಗೆ ಗಾಳಿ ಹಾಕುವುದು ನಿಲ್ಲಿಸಿತು. ಆಕೆ ಚಿಪ್ಪನ್ನೂ ಡಬ್ಬಿಯನ್ನೂ ಮುಂದಿಟ್ಟು ನಡೆದದ್ದು ನಡೆದ ಹಾಗೆ ಹೇಳಿದಳು. ರೂಪಾಲಿಯ ಮುಖ ಕೆಂಪಾಯಿತು.

"ಮಾವಶಿ, ನಾ ಹೇಳಿದ್ದೆ. ಚಿಪ್ಪಿನೊಳಗಿಂದ ಕರೆಂಟ ಹೋಗತೈತಿ ಅಂತ ಹೇಳಿದ್ದೆ ಇಲ್ಲೋ?"

"ಹೇಳಿದ್ದಿ. ನಾ ಹೂಂ ಅಂದಿದ್ದೆ. ತಿಳಕೊಂಡಿರಲಿಲ್ಲ."

"ಸಂಜೀ ಆರತಿ ಐತ್ರಿ. ತೊಂಬತ್ತಾರು ಜೋಡು."

"ಆರತಿ ಏಳಕ್ಕ. ಈಗ ಒಂದಾತು. ಬೈಯೂದು ಇದ್ದರ ಏಳರ ಮ್ಯಾಲ ಬೈ ತಂಗಿ. ಈಗ ನನಗ ಬಣ್ಣದ ಥಿನ್ನರ್ ಕೊಡು, ಒಂದು ಸಾಬಾಣ ಕೊಡು."

ಆಮೇಲೆ ನಡೆದದ್ದನ್ನು ಗಡಹಿಂಗ್ಲಜದ ಆ ಓಣಿಯವರು ಇನ್ನೂ ಹೇಳಿಕೊಂಡು ನಗುತ್ತಾರೆ. ಯಮುನವ್ವ ಮೊಣಕೈ ತನಕ ಸಾಬೂನು ಹಚ್ಚಿ ತೊಳೆದುಕೊಂಡು ಕೂತಳು. ಅರಳೆಯನ್ನು ಹೊಸೆದು ಗಟ್ಟಿ ದಾರ ಮಾಡಿ, ಥಿನ್ನರ್‌ನಲ್ಲಿ ಅದ್ದಿ, ಚಿಪ್ಪಿನೊಳಗೆ ತೂರಿಸಿ ಹಿಂದೆ ಮುಂದೆ ಎಳೆದಳು. ಹಣಿಗೆಯ ಹಲ್ಲಿನ ಗಂಜಿ ತೆಗೆಯುತ್ತಿದ್ದ ರೀತಿಯೇ ಅದು. ತಗಡು ಹೊಳೆದ ಮೇಲೆ ಹಳಿಗೆ ಹಾಕಿ ಒತ್ತುವಳು. ಎದುರಿಗೆ ಕೂತ ರಾವಸಾಹೇಬ ಜೋಡಿನ ಆಚೆಗೊಂದು ಈಚೆಗೊಂದು ವಾಯರ್ ಮುಟ್ಟಿಸಿ ಸಣ್ಣ ಬಲ್ಬು ನೋಡುವನು. ಹತ್ತಿದರೆ "ಪುಢೇ ಚಲಾ" ಎಂದು ಮುಂದಕ್ಕೆ ಜರುಗುವುದು.

ಬೆವರು ಮಾತ್ರ ಬಿಡಲಿಲ್ಲ. ರಾವಸಾಹೇಬ ಸ್ಪೀಕರಿನ ಹತ್ತಿರವಿದ್ದ ಫ್ಯಾನು ಎಳೆದು ತಂದ. ಅದೂ ಸಾಲಲಿಲ್ಲ. ಯಮುನವ್ವ ತಲೆ ಎತ್ತದೆ ಕೈ ಚಾಚಿದಳು.

"ಯಾರರ ಒಂದ ಟಾವೆಲ್ ಹಿಡಕೊಂಡು ನನ್ನ ಬೆರಳ ಒರಸ್ರಿ."

ಹತ್ತಿರ ಖಾಲಿ ಕೈಯಲ್ಲಿ ನಿಂತಿದ್ದವರು ದಾದಾಸಾಹೇಬರೊಬ್ಬರೇ. ಮಂಡಳದ ಅಧ್ಯಕ್ಷರು, ಹೆಗಲ ಮೇಲಿನ ಹೊಸ ಟಾವೆಲ್ ತೆಗೆದು, ಮಂಡಿಯೂರಿ ಕೂತು, ಜೋಡಿಗೊಮ್ಮೆ ಆಕೆಯ ಹತ್ತೂ ಬೆರಳು ಒರೆಸಿದರು. ಮೂವತ್ತನೆಯ ಜೋಡಿನ ಹೊತ್ತಿಗೆ ಅವರಿಗೂ ಕೆಲಸದ ರುಚಿ ಹತ್ತಿತು. "ಹೆಬ್ಬಟ್ಟ ಬಿಟ್ರಿ ನೋಡ್ರಿ, ಅದೂ ಕೊಡ್ರಿ," ಎನ್ನುತ್ತಿದ್ದರು.

"ಮೂವತ್ತು ವರ್ಸ ಹಿಂದ ಸಿಕ್ಕಿದ್ರ ಮಗ್ಗದಾಗ ಕೆಲಸಕ್ಕ ಹಚ್ಚತಿದ್ದೆ ನಿಮ್ಮನ್ನ," ಎಂದಳು ಯಮುನವ್ವ.

"ನಮ್ಮ ಮೆಣಸಿನಕಾಯಿ ಕೈ. ಕಣ್ಣಿಗೆ ಮುಟ್ಟಿಸಿಕೊಂಡೀರಿ ಮತ್ತ."

ಐದೂಮುಕ್ಕಾಲಿಗೆ ಗಡಹಿಂಗ್ಲಜದ ಸ್ಟೇಶನ್ನಿನ ಕಡೆಯ ಜೋಡಿಗೆ ಬಲ್ಬು ಹತ್ತಿತು. ರೂಪಾಲಿ ಗುಂಡಿ ತಿರುಗಿಸಿದಳು. ರೈಲು ಮಹಾಗಾಂವ ಬಿಟ್ಟಿತು, ಕಬ್ಬು ದಾಟಿತು. ಗುಡ್ಡದ ಸುರಂಗದಲ್ಲಿ ಒಂದು ಕ್ಷಣ ಕಾಣದಾಯಿತು. ರಾವಸಾಹೇಬ ಬಲ್ಬನ್ನು ಹಿಡಿದುಕೊಂಡೇ ನಿಂತಿದ್ದ. ಆಚೆ ಕಡೆ ಇಂಜಿನ್ನಿನ ದೀಪ ಬಂತು, ಹಿಂದೆ ಐದು ಬೋಗಿ. ಸ್ಟೇಶನ್ನಿಗೆ ಬಂದು, ರೂಪಾಲಿ ನಿಲ್ಲಿಸಿದ ಜಾಗದಲ್ಲಿ ನಿಂತಿತು.

ಯಮುನವ್ವ ರೈಲನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಗಾಲಿಯ ಸದ್ದು ಕೇಳುತ್ತಿದ್ದಳು. ತೊಂಬತ್ತಾರರಲ್ಲಿ ಒಂದು ಕಡೆಯೂ ಟಕ್ ಅನ್ನಲಿಲ್ಲ.

ಆರತಿಯಾಗಿ ಪರದೆ ಸರಿದಾಗ ಓಣಿ ತುಂಬ ಜನ. ನೇಸರಿಯಿಂದ ಬಂದ ಮುದುಕನೊಬ್ಬ ತನ್ನೂರಿನ ಫಲಕ ಕಂಡು, "ನಮ್ಮಲ್ಲಿ ಎಷ್ಟೊತ್ತಿಗೆ ಬರತೈತ್ರಿ ಇದು?" ಎಂದು ಕೇಳಿದ. "ಎರಡು ಮಿನೀಟಿಗೊಮ್ಮೆ ಅಜ್ಜಾ," ಎಂದರು ದಾದಾಸಾಹೇಬರು, ಸ್ಟೇಶನ್ ಮಾಸ್ತರನ ಗತ್ತಿನಲ್ಲಿ.

ಐದು ದಿನ ಓಡಿತು. ಬೀಳಲಿಲ್ಲ, ನಿಲ್ಲಲಿಲ್ಲ. ಯಮುನವ್ವ ಐದೂ ದಿನ ಅಲ್ಲೇ ಇದ್ದು, ಬೆಳಗ್ಗೆ ಸಂಜೆ ಅರಳೆ ಎಳೆದು, ಪ್ರತಿ ಸಲವೂ ತಿರುಗಿಸಿ ಅದರ ಬಣ್ಣ ನೋಡಿದಳು. ರೂಪಾಲಿ ಕೆಲಸದ ಮಾತು ಎತ್ತಲಿಲ್ಲ. ಆಕೆಯೂ ಕೇಳಲಿಲ್ಲ. ಹಲಗೆ ಬಿಚ್ಚಿ ಟೆಂಪೋಕ್ಕೆ ಏರಿಸುವ ದಿನ ಮಾತ್ರ ಡಬ್ಬಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ನೇರವಾಗಿ ಎದುರಿಗೆ ಹೋಗಿ ನಿಂತಳು.

"ತಂಗಿ, ಏಳರ ಮ್ಯಾಲ ಬೈ ಅಂದಿದ್ದೆ. ಐದು ದಿನ ಆತು. ಬೈದು ಮುಗಸು, ಆಮ್ಯಾಲ ಒಂದ ಮಾತ ಹೇಳು."

ರೂಪಾಲಿ ನಗು ತಡೆಯಲು ನೋಡಿದಳು, ಆಗಲಿಲ್ಲ. "ಬೀಳೂದಿಲ್ಲ ಅಂದಿದ್ರಿ, ಬೀಳಲಿಲ್ಲ. ನಿಂತದ್ದರ ಮಾತು ನಾವು ಆಡಿರಲೇ ಇಲ್ಲ." ಹಲಗೆಯ ಹಗ್ಗ ಬಿಗಿದು ಮುಂದುವರಿದಳು. "ನೀವು ಬಾಯಿ ಬಿಡಲಿಲ್ಲಂದ್ರ ನಾ ಇನ್ನೂ ಟ್ರಾನ್ಸ್‌ಫಾರ್ಮರ್ ಬದಲಿ ಮಾಡಕೋತ ಕುಂಡ್ರತಿದ್ದೆ. ಸೋಮವಾರ ಬರ್ರಿ ಮಾವಶಿ. ಕಾಯಂ. ಒಂದ ಷರತ್ತು."

"ಗೊತ್ತಾತು. ವಿಭೂತಿ ಹಣಿಗೆ ಅಷ್ಟ."

"ಹಣಿಗೆ ಅಷ್ಟ."

"ನಂದೂ ಒಂದ ಐತಿ. ಯಾವ ಮಂಟಪಕ್ಕ ಹೋದರೂ ನನ್ನ ತಲಿ ಮ್ಯಾಲ ಒಂದ ಫ್ಯಾನ್. ರಾವ್ಸಾಬಣ್ಣನ ಕಡಿಂದ ಹಾಕಸು. ಅವನ ಕೈ ಚಲೋ ಐತಿ."

ಸೋಮವಾರ ಬೆಳಗ್ಗೆ ಇಚಲಕರಂಜಿಯ ಮೊದಲ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಯಮುನವ್ವನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಎದ್ದು ಕಾಣುತ್ತಿತ್ತು. ಡಬ್ಬಿ ಮನೆಯ ಜಗುಲಿಯ ಮೇಲೆ ದೇವರ ಹತ್ತಿರ ಉಳಿದಿತ್ತು. ಚೀಲದಲ್ಲಿ ಒಂದು ಪುಡಿಕೆ ಅರಳೆ, ಹೊಸದೊಂದು ಸಾಬೂನು, ಮತ್ತು ಮೆಣಸಿನಕಾಯಿಯ ಘಾಟು ಇನ್ನೂ ಬಿಡದ ದಾದಾಸಾಹೇಬರ ಟಾವೆಲ್ ಇದ್ದವು.